ಮಾಡೋ ಅಧಿಕಾರ ಅಲ್ಲ, ತಡೆಯೋ ಅಧಿಕಾರ

ಅಮೆರಿಕದಲ್ಲಿ ಮಧ್ಯಾವಧಿ ಚುನಾವಣೆ ಮುಗಿದ ಮಾರನೇ ದಿನ ನಮ್ಮ ಪೇಪರುಗಳಿಗೆ ಒಂದು ಖಾಯಂ ಪದ ಇದೆ - "ಮುಖಭಂಗ". ಕ್ಲಿಂಟನ್‌ಗೆ ಮುಖಭಂಗ, ಬುಷ್‌ಗೆ ಮುಖಭಂಗ, ಒಬಾಮಾಗೆ ಮುಖಭಂಗ, ಟ್ರಂಪ್‌ಗೆ ಮುಖಭಂಗ... ಓದಿದವರಿಗೆ ಏನನ್ಸುತ್ತೆ? ಅಧ್ಯಕ್ಷರ ಕಥೆ ಮುಗೀತು, ಇನ್ನೇನಿದ್ರೂ ಎದುರು ಪಕ್ಷದವರದ್ದೇ ಕಾರುಬಾರು ಅಂತ. ಆದ್ರೆ ಮಾರನೇ ವರ್ಷ ನೋಡಿದ್ರೆ ಅದೇ ಅಧ್ಯಕ್ಷರು ಅದೇ ಶ್ವೇತಭವನದಲ್ಲಿ ಕೂತು ಅದೇ ಸಹಿ ಹಾಕ್ತಿರ್ತಾರೆ. ಹಾಗಾದ್ರೆ ಆ ಚುನಾವಣೆಯಲ್ಲಿ ಬದಲಾಗಿದ್ದಾದ್ರೂ ಏನು?

ನನಗನ್ನಿಸೋ ಉತ್ತರ ಇಷ್ಟೇ. ಮಧ್ಯಾವಧಿ ಚುನಾವಣೆಯಲ್ಲಿ ಕೈ ಬದಲಾಗೋದು ಕೆಲಸ ಮಾಡೋ ಅಧಿಕಾರ ಅಲ್ಲ, ಕೆಲಸ ತಡೆಯೋ ಅಧಿಕಾರ. ಆ ತಡೆಯೋ ಅಧಿಕಾರವನ್ನ ಯಾರಿಗೆ ಕೊಡಬೇಕು ಅಂತ ತೀರ್ಮಾನ ಮಾಡೋರು ಅಲ್ಲಿನ ಮತದಾರರಲ್ಲಿ ಅರ್ಧಕ್ಕಿಂತ ಕಮ್ಮಿ ಜನ. ಈ ಎರಡನ್ನೂ ಸೇರಿಸಿ ಓದದೇ ಇದ್ರೆ "ಮುಖಭಂಗ" ಅನ್ನೋ ಪದಕ್ಕೆ ಅರ್ಥವೇ ಇಲ್ಲ.

ಮೊದಲು ಆ ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ನಮಗೆ ಮಧ್ಯಂತರ ಚುನಾವಣೆ ಅಂದ್ರೆ ಸರ್ಕಾರ ಬಿದ್ದಾಗಲೋ, ಮುಖ್ಯಮಂತ್ರಿಗೆ ಧೈರ್ಯ ಬಂದಾಗಲೋ ಬರೋ ಚುನಾವಣೆ. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸೀಟಿನಲ್ಲಿ 24 ಕಾಂಗ್ರೆಸ್ಸಿಗೆ ಹೋದಾಗ ರಾಮಕೃಷ್ಣ ಹೆಗಡೆಯವರು ನೈತಿಕ ಹೊಣೆ ಅಂತ ರಾಜೀನಾಮೆ ಕೊಟ್ಟು ಮತ್ತೆ ಜನರ ಹತ್ರ ಹೋದರು. 1983ರಲ್ಲಿ 95 ಸೀಟು ಇದ್ದ ಜನತಾ ಪಕ್ಷ 1985ರ ಮಾರ್ಚಿನಲ್ಲಿ 139 ಸೀಟು ಗೆದ್ದು ಬಂತು. ಅದು ನಮ್ಮ ಮಧ್ಯಂತರ. ಅಲ್ಲಿ ಗೆದ್ದವರಿಗೆ ಇಡೀ ಸರ್ಕಾರವೇ ಸಿಗುತ್ತೆ.

ಅಮೆರಿಕದ್ದು ಹಾಗಲ್ಲ. ಅಲ್ಲಿ ಯಾರೂ ಯಾವುದನ್ನೂ ವಿಸರ್ಜನೆ ಮಾಡೋ ಹಾಗಿಲ್ಲ. ಸರಿಸಂಖ್ಯೆಯ ವರ್ಷ ಬಂತೂಂದ್ರೆ ನವೆಂಬರಿನ ಮೊದಲ ಸೋಮವಾರದ ನಂತರದ ಮಂಗಳವಾರ ಚುನಾವಣೆ, ಅಷ್ಟೇ. ಈ ಲೆಕ್ಕದಲ್ಲಿ 2026ರ ಮಧ್ಯಾವಧಿಗೆ ಬಿದ್ದ ದಿನ ನವೆಂಬರ್ 3. ಅಂತರ್ಯುದ್ಧ ನಡೀತಿದ್ದ 1862ರಲ್ಲೂ ಚುನಾವಣೆ ತಪ್ಪಲಿಲ್ಲ, ಎರಡನೇ ಮಹಾಯುದ್ಧದ ನಡುವಿನ 1942ರಲ್ಲೂ ತಪ್ಪಲಿಲ್ಲ. ಅಧ್ಯಕ್ಷರ ಅವಧಿ ನಾಲ್ಕು ವರ್ಷ. ಕೆಳಮನೆಯ 435 ಸದಸ್ಯರ ಅವಧಿ ಬರೀ ಎರಡು ವರ್ಷ. ಸೆನೆಟ್ಟಿನ 100 ಜನರದ್ದು ಆರು ವರ್ಷ, ಅದರಲ್ಲೂ ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಮಾತ್ರ ಚುನಾವಣೆಗೆ ಬರುತ್ತೆ. ಅಂದ್ರೆ ಅಧ್ಯಕ್ಷರ ನಾಲ್ಕು ವರ್ಷದ ನಟ್ಟನಡುವೆ ಇಡೀ ಕೆಳಮನೆ, ಮೂರನೇ ಒಂದು ಭಾಗ ಸೆನೆಟ್, ಜೊತೆಗೆ ಬಹುತೇಕ ರಾಜ್ಯಗಳ ಗವರ್ನರ್ ಮತ್ತು ಶಾಸಕರು ಚುನಾವಣೆಗೆ ನಿಲ್ತಾರೆ. ಅಧ್ಯಕ್ಷರೊಬ್ಬರನ್ನ ಬಿಟ್ಟು!

ಈ ಚುನಾವಣೆಯಲ್ಲಿ ಅಧ್ಯಕ್ಷರ ಪಕ್ಷ ಸೀಟು ಕಳಕೊಳ್ಳೋದು ಮಳೆಗಾಲ ಬಂದ ಹಾಗೆ. ಎರಡನೇ ಮಹಾಯುದ್ಧದ ನಂತರ ಕೆಳಮನೆಯಲ್ಲಿ ಅಧ್ಯಕ್ಷರ ಪಕ್ಷಕ್ಕೆ ಸೀಟು ಹೆಚ್ಚಾಗಿದ್ದು ಎರಡೇ ಸಲ - 1998 ಮತ್ತು 2002. ಮೊದಲನೇದು ಕ್ಲಿಂಟನ್ ವಿರುದ್ಧದ ಮಹಾಭಿಯೋಗದ ಗಲಾಟೆ ತಿರುಗುಬಾಣ ಆದಾಗ, ಎರಡನೇದು 2001ರ ಸೆಪ್ಟೆಂಬರ್ 11ರ ದಾಳಿಯ ನಂತರದ ಕಾಲದಲ್ಲಿ. ಉಳಿದ ಸಲ ಎಲ್ಲಾ ನಷ್ಟವೇ. 1994ರಲ್ಲಿ ಕ್ಲಿಂಟನ್ ಪಕ್ಷ 54 ಸೀಟು ಕಳಕೊಂಡು, 40 ವರ್ಷದಿಂದ ಡೆಮಾಕ್ರಟರ ಕೈಲಿದ್ದ ಕೆಳಮನೆ ರಿಪಬ್ಲಿಕನ್ನರ ಕೈಗೆ ಹೋಯ್ತು. 2010ರಲ್ಲಿ ಒಬಾಮಾ ಪಕ್ಷ 63 ಸೀಟು ಕಳಕೊಳ್ತು. ಪ್ರತೀ ಸಲ ಆಗೋದನ್ನ ಪ್ರತೀ ಸಲ ಆಶ್ಚರ್ಯಸೂಚಕ ಹಾಕಿ ಬರೆದ್ರೆ ಹೇಗೆ?

ಸರಿ, ಸೀಟು ಹೋದ್ರೆ ಏನಾಗುತ್ತೆ? ನನ್ನ ಮಟ್ಟಿಗೆ ಇದಕ್ಕೆ ಕಣ್ಣು ತೆರೆಸೋ ಉದಾಹರಣೆ 2006. ಆ ವರ್ಷ ಇರಾಕ್ ಯುದ್ಧದಿಂದ ಜನ ರೋಸಿಹೋಗಿದ್ದರು. ನವೆಂಬರ್ 7ರಂದು ಡೆಮಾಕ್ರಟರು ಕೆಳಮನೆ, ಸೆನೆಟ್ ಎರಡನ್ನೂ ಗೆದ್ದರು. ಮಾರನೇ ದಿನವೇ ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಹೊರಹೋಗೋದು ಘೋಷಣೆ ಆಯ್ತು. ನ್ಯಾನ್ಸಿ ಪೆಲೋಸಿ 2007ರ ಜನವರಿಯಲ್ಲಿ ಮೊದಲ ಮಹಿಳಾ ಸ್ಪೀಕರ್ ಆದರು. ಯುದ್ಧ ಮುಗೀತು ಅಂದುಕೊಂಡ್ರಾ? ಅದೇ ಜನವರಿಯಲ್ಲಿ ಬುಷ್ ಇರಾಕಿಗೆ ಇನ್ನೂ 20,000ಕ್ಕೂ ಹೆಚ್ಚು ಸೈನಿಕರನ್ನ ಕಳಿಸ್ತೀನಿ ಅಂತ ಘೋಷಿಸಿದರು! ಸೇನೆ ವಾಪಸ್ ಕರೆಸೋಕೆ ಗಡುವು ಹಾಕಿದ ಮಸೂದೆಯನ್ನ ಕಾಂಗ್ರೆಸ್ ಪಾಸು ಮಾಡ್ತು. ಮೇ 1ರಂದು ಬುಷ್ ವೀಟೋ ಹಾಕಿದರು. ವೀಟೋ ಮುರಿಯೋಕೆ ಎರಡೂ ಸದನದಲ್ಲಿ ಮೂರನೇ ಎರಡರಷ್ಟು ಮತ ಬೇಕು, ಅದು ಇರಲಿಲ್ಲ. ಕಥೆ ಅಲ್ಲಿಗೆ ಮುಗೀತು.

ಯುದ್ಧದ ವಿರುದ್ಧ ವೋಟು ಹಾಕಿದ ಜನಕ್ಕೆ ಸಿಕ್ಕಿದ್ದು ಹೆಚ್ಚಿನ ಸೈನ್ಯ. ಹಾಗಂತ ಡೆಮಾಕ್ರಟರಿಗೆ ಏನೂ ಸಿಗಲಿಲ್ಲ ಅಂತಲೂ ಅಲ್ಲ. ಬಹುಮತ ಇರೋ ಪಕ್ಷಕ್ಕೆ ಸದನದ ಎಲ್ಲಾ ಸಮಿತಿಗಳ ಅಧ್ಯಕ್ಷತೆ ಬರುತ್ತೆ. ಯಾವ ಮಸೂದೆ ಚರ್ಚೆಗೆ ಬರಬೇಕು, ಯಾವುದು ಡ್ರಾಯರಿನಲ್ಲೇ ಕೊಳೀಬೇಕು ಅನ್ನೋದು ಅವರ ಕೈಲಿರುತ್ತೆ. ಸಮನ್ಸ್ ಕಳಿಸಿ ಅಧಿಕಾರಿಗಳನ್ನ ಕರೆಸಿ, ಪ್ರಮಾಣ ಮಾಡಿಸಿ ಪ್ರಶ್ನೆ ಕೇಳಬಹುದು. 2007ರಲ್ಲಿ ಫೆಡರಲ್ ವಕೀಲರನ್ನ ತೆಗೆದುಹಾಕಿದ ವಿಷಯದಲ್ಲಿ ಇಂಥ ಪ್ರಶ್ನೆಗಳ ಮಳೆ ಸುರಿದು, ಅಟಾರ್ನಿ ಜನರಲ್ ಆಲ್ಬರ್ಟೋ ಗೊನ್ಜಾಲೆಸ್ ಆಗಸ್ಟಿನಲ್ಲಿ ರಾಜೀನಾಮೆ ಘೋಷಿಸಬೇಕಾಯ್ತು. ಪ್ರಶ್ನೆ ಕೇಳೋ ಅಧಿಕಾರ ಸಣ್ಣದಲ್ಲ. ಆದ್ರೆ ಅದು ಸೈನ್ಯ ವಾಪಸ್ ಕರೆಸೋ ಅಧಿಕಾರ ಅಲ್ಲ.

ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದ್ರೆ, ಮಧ್ಯಾವಧಿ ಗೆದ್ದ ಪಕ್ಷ ಟೆಸ್ಟಿಂಗ್ ಟೀಮಿದ್ದ ಹಾಗೆ. ಬಗ್ ಹಾಕಬಹುದು, ಮೀಟಿಂಗಿಗೆ ಕರೆದು ಬೆವರಿಳಿಸಬಹುದು, ರಿಲೀಸ್ ನಿಲ್ಲಿಸಬಹುದು. ಆದ್ರೆ ತಾನೇ ಕೋಡ್ ಬರೆದು ರಿಲೀಸ್ ಮಾಡೋಕಾಗಲ್ಲ. ಕೋಡ್ ಬರೆಯೋ ಟೀಮು, ರಿಲೀಸ್ ನಿಲ್ಲಿಸೋ ಟೀಮು ಎರಡೂ ಮುಂದಿನ ಪ್ರಮೋಷನ್ನಿಗೆ ಪೈಪೋಟಿ ಮಾಡ್ತಿದ್ರೆ ಆ ಪ್ರಾಜೆಕ್ಟಿನ ಗತಿ ಏನು ಅಂತ ನೀವೇ ಊಹಿಸಿ.

ಊಹಿಸೋದೂ ಬೇಡ, ಆಗಿ ಹೋಗಿದೆ. 1994ರಲ್ಲಿ ಗೆದ್ದ ರಿಪಬ್ಲಿಕನ್ನರು ಸ್ಪೀಕರ್ ನ್ಯೂಟ್ ಗಿಂಗ್ರಿಚ್ ಮುಂದಾಳತ್ವದಲ್ಲಿ ಬಜೆಟ್ ವಿಷಯಕ್ಕೆ ಕ್ಲಿಂಟನ್ ಜೊತೆ ಹಠಕ್ಕೆ ಬಿದ್ದರು. ಫೆಡರಲ್ ಸರ್ಕಾರದ ಕಚೇರಿಗಳು ಎರಡು ಸಲ ಬಾಗಿಲು ಮುಚ್ಚಿದವು, ಎರಡನೇ ಸಲ 1995ರ ಡಿಸೆಂಬರಿನಿಂದ 1996ರ ಜನವರಿವರೆಗೆ 21 ದಿನ. 2010ರಲ್ಲಿ ಗೆದ್ದವರು 2011ರಲ್ಲಿ ಸಾಲದ ಮಿತಿ ಏರಿಸೋಕೆ ಒಪ್ಪದೆ ಕೊನೇ ಗಳಿಗೆವರೆಗೂ ಎಳೆದರು. ಆಗಸ್ಟ್ 2ರಂದು ಹೇಗೋ ರಾಜಿ ಆಯ್ತು. ಮೂರೇ ದಿನಕ್ಕೆ ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ಸಂಸ್ಥೆ ಅಮೆರಿಕದ ಸಾಲದ ರೇಟಿಂಗನ್ನ ಒಂದು ಮೆಟ್ಟಿಲು ಇಳಿಸ್ತು. ಹೊಸ ರಸ್ತೆ ಕಟ್ಟಲಿಲ್ಲ, ಹೊಸ ಆಸ್ಪತ್ರೆ ಬರಲಿಲ್ಲ. ತಡೆಯೋ ಅಧಿಕಾರವನ್ನೇ ಚೌಕಾಸಿಯ ಸರಕು ಮಾಡಿಕೊಂಡ್ರೆ ಹೀಗಾಗುತ್ತೆ.

ಸೆನೆಟ್ ಕೈ ಬದಲಾದ್ರೆ ಪರಿಣಾಮ ಇನ್ನೂ ಉದ್ದ. 2014ರಲ್ಲಿ ರಿಪಬ್ಲಿಕನ್ನರು ಸೆನೆಟ್ಟಿನಲ್ಲಿ 9 ಸೀಟು ಹೆಚ್ಚು ಗೆದ್ದು ಬಹುಮತಕ್ಕೆ ಬಂದರು. 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ತೀರಿಕೊಂಡರು. ಮಾರ್ಚಿನಲ್ಲಿ ಒಬಾಮಾ ಮೆರಿಕ್ ಗಾರ್ಲೆಂಡ್ ಹೆಸರು ಕಳಿಸಿದರು. ಬಹುಮತದ ನಾಯಕ ಮಿಚ್ ಮೆಕಾನೆಲ್ ಆ ಹೆಸರನ್ನ ತಿರಸ್ಕರಿಸಲೂ ಇಲ್ಲ, ಒಪ್ಪಲೂ ಇಲ್ಲ. ವಿಚಾರಣೆಗೇ ತಗೊಳ್ಳಲಿಲ್ಲ! 293 ದಿನ ಆ ಹೆಸರು ಹಾಗೇ ಬಿದ್ದಿತ್ತು. ಕೊನೆಗೆ ಆ ಕುರ್ಚಿಯಲ್ಲಿ 2017ರ ಏಪ್ರಿಲಿನಲ್ಲಿ ಕೂತಿದ್ದು ಟ್ರಂಪ್ ಹೆಸರಿಸಿದ ನೀಲ್ ಗೊರ್ಸಚ್. ಅಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗೆ ನಿವೃತ್ತಿಯ ವಯಸ್ಸಿಲ್ಲ ಅನ್ನೋದನ್ನ ನೆನಪಿಟ್ಟುಕೊಳ್ಳಿ. 2014ರ ಒಂದು ಮಂಗಳವಾರ ಕೊಟ್ಟ "ತಡೆಯೋ" ಅಧಿಕಾರ ಹತ್ತಾರು ವರ್ಷ ಕೂರೋ ಒಬ್ಬ ನ್ಯಾಯಮೂರ್ತಿಯಾಯ್ತು.

ಈಗ ಹೇಳಿ, ಆ ಮಂಗಳವಾರ ಮತಗಟ್ಟೆಗೆ ಹೋದವರು ಎಷ್ಟು ಜನ? ಮತ ಹಾಕೋ ಅರ್ಹತೆ ಇದ್ದವರಲ್ಲಿ ನೂರಕ್ಕೆ ಸುಮಾರು 36. ಅದು 1942ರ ನಂತರದ ಅತಿ ಕಡಿಮೆ ಮತದಾನ. ಅದಕ್ಕೆ ಎರಡು ವರ್ಷ ಮುಂಚೆ, ಅಧ್ಯಕ್ಷೀಯ ಚುನಾವಣೆ ಇದ್ದ 2012ರಲ್ಲಿ, ಸುಮಾರು 58 ಜನ ಹೋಗಿದ್ದರು. ಹಾಗೇ 2008ರಲ್ಲಿ ಸುಮಾರು 62 ಇದ್ದದ್ದು 2010ರಲ್ಲಿ 41ರ ಹತ್ತಿರ ಇಳೀತು. ಟೀವಿಯಲ್ಲಿ ಕೂತ ಪಂಡಿತರು "ದೇಶದ ಮನಸ್ಸು ಬದಲಾಯಿತು" ಅಂತಾರೆ. ಕೆಲವರ ಮನಸ್ಸು ಬದಲಾಗಿದ್ದು ನಿಜವೇ ಇರಬಹುದು. ಆದ್ರೆ ದೊಡ್ಡ ಸಂಖ್ಯೆಯ ಜನ ಮನಸ್ಸು ಬದಲಾಯಿಸಲಿಲ್ಲ, ಮನೆಯಲ್ಲೇ ಕೂತರು. ಅದರಲ್ಲೂ ಹುಡುಗ ಹುಡುಗಿಯರು. ವಯಸ್ಸಾದವರು ತಪ್ಪದೇ ಹೋಗ್ತಾರೆ. ಮಂಗಳವಾರ ರಜೆಯೂ ಇಲ್ಲ ನೋಡಿ ಅಲ್ಲಿ. (ನಮ್ಮಲ್ಲಿ ಕಾನೂನಿನ ಪ್ರಕಾರ ಸಂಬಳ ಸಮೇತ ರಜೆ ಇದ್ರೂ ಬೆಂಗಳೂರಿನ ನಾವು ಏನು ಮಾಡ್ತೀವಿ ಅನ್ನೋದು ಬೇರೆ ಮಾತು, ಅದನ್ನ ಇಲ್ಲಿ ಎತ್ತದಿರೋದೇ ವಾಸಿ!)

2018ರಲ್ಲಿ ಮಾತ್ರ ಇದು ತಿರುಗಾಮುರುಗಾ ಆಯ್ತು. ಸುಮಾರು ಅರ್ಧದಷ್ಟು ಜನ ಮತ ಹಾಕಿದರು, ಮಧ್ಯಾವಧಿಗೆ 1914ರ ನಂತರ ಅದೇ ಹೆಚ್ಚು. ಡೆಮಾಕ್ರಟರು ಕೆಳಮನೆಯಲ್ಲಿ ಸುಮಾರು 40 ಸೀಟು ಹೆಚ್ಚು ಗೆದ್ದರು. ಆದ್ರೆ ಅದೇ ದಿನ, ಅದೇ ದೇಶದಲ್ಲಿ, ಸೆನೆಟ್ಟಿನಲ್ಲಿ ರಿಪಬ್ಲಿಕನ್ನರಿಗೆ ಎರಡು ಸೀಟು ಹೆಚ್ಚಾಯ್ತು. ಆ ಸಲ ಚುನಾವಣೆಗೆ ಬಂದ ಮೂರನೇ ಒಂದು ಭಾಗದಲ್ಲಿ ಡೆಮಾಕ್ರಟರೇ ಉಳಿಸಿಕೊಳ್ಳಬೇಕಾದ ಸೀಟುಗಳು ಹೆಚ್ಚಿದ್ದವು. ಜನಾದೇಶ ಯಾವುದು ಹಾಗಾದ್ರೆ? ಕೆಳಮನೆಯದ್ದೋ, ಸೆನೆಟ್ಟಿನದ್ದೋ? ಒಂದು ವರ್ಷದ ನಂತರ, 2019ರ ಡಿಸೆಂಬರಿನಲ್ಲಿ, ಕೆಳಮನೆ ಟ್ರಂಪ್ ಮೇಲೆ ಮಹಾಭಿಯೋಗ ಹೊರಿಸ್ತು. 2020ರ ಫೆಬ್ರವರಿಯಲ್ಲಿ ಸೆನೆಟ್ ಖುಲಾಸೆ ಮಾಡ್ತು. ಒಂದೇ ಚುನಾವಣೆಯ ಎರಡು ಫಲಿತಾಂಶ, ಎರಡು ತೀರ್ಪು!

ಇಷ್ಟೆಲ್ಲಾ ಆದ್ರೂ ವಾಷಿಂಗ್ಟನ್ನಿನ ಈ ಗದ್ದಲ ನನಗೆ ಅಷ್ಟು ದೊಡ್ಡದಾಗಿ ಕಾಣಲ್ಲ. ಮಧ್ಯಾವಧಿಯಲ್ಲಿ ಕೈ ಬದಲಾಗೋ ಅತಿ ದೊಡ್ಡ ಅಧಿಕಾರ ಯಾವ ಟೀವಿಯೂ ತೋರಿಸದ ಜಾಗದಲ್ಲಿದೆ - ರಾಜ್ಯಗಳ ಶಾಸನಸಭೆಗಳಲ್ಲಿ.

ಕಾರಣ ಏನಂದ್ರೆ ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ ಆದ ಮೇಲೆ ಕೆಳಮನೆಯ ಕ್ಷೇತ್ರಗಳ ಗಡಿಯನ್ನ ಹೊಸದಾಗಿ ಬರೀತಾರೆ. ಹೆಚ್ಚಿನ ರಾಜ್ಯಗಳಲ್ಲಿ ಅದನ್ನ ಬರೆಯೋರು ಅಲ್ಲಿನ ಶಾಸಕರೇ. ನಮ್ಮಲ್ಲಿ ಈ ಕೆಲಸ ಮಾಡೋದು ಕ್ಷೇತ್ರ ಪುನರ್ವಿಂಗಡಣಾ ಆಯೋಗ. ಹೊಸ ಗಡಿಗಳಲ್ಲಿ ಮೊದಲು ಚುನಾವಣೆ ನಡೆದದ್ದೇ ನಮ್ಮ ಕರ್ನಾಟಕದಲ್ಲಿ, 2008ರ ಮೇ ತಿಂಗಳಲ್ಲಿ. ಆಯೋಗದ ಬಗ್ಗೆಯೂ ಗೊಣಗಾಟ ಇತ್ತು, ಎಷ್ಟೋ ಹಳೇ ಕ್ಷೇತ್ರಗಳು ಮಾಯವಾದವು. ಆದ್ರೆ ಆಳೋ ಪಕ್ಷವೇ ಪೆನ್ಸಿಲ್ ಹಿಡಿದು ಕೂತಿರಲಿಲ್ಲ. ಅಲ್ಲಿ ಕೂರುತ್ತೆ.

ಇದನ್ನ ಸರಿಯಾಗಿ ಅರ್ಥ ಮಾಡಿಕೊಂಡಿದ್ದು 2010ರ ರಿಪಬ್ಲಿಕನ್ನರು. "ರೆಡ್‌ಮ್ಯಾಪ್" ಅಂತ ಹೆಸರಿಟ್ಟು, ಸುಮಾರು 3 ಕೋಟಿ ಡಾಲರ್ ಖರ್ಚು ಮಾಡಿ, ಯಾವ ರಾಜ್ಯದ ಶಾಸನಸಭೆ ಕೂದಲೆಳೆಯಲ್ಲಿ ತಿರುಗುತ್ತೋ ಅಲ್ಲಿ ಮಾತ್ರ ಹಣ ಸುರಿದರು. ಆ ವರ್ಷ ದೇಶದುದ್ದಕ್ಕೂ ರಾಜ್ಯ ಶಾಸಕರ ಸ್ಥಾನಗಳಲ್ಲಿ ಅವರಿಗೆ ಸುಮಾರು 680 ಹೆಚ್ಚಾಯ್ತು. ಕೆಳಮನೆಯ 63 ಎಲ್ಲರ ಕಣ್ಣಿಗೂ ಬಿತ್ತು, ಈ 680 ಯಾರಿಗೂ ಕಾಣಲಿಲ್ಲ. 2011ರಲ್ಲಿ ಅವರು ನಕ್ಷೆ ಬರೆದರು. 2012ರಲ್ಲಿ ಒಬಾಮಾ ಮತ್ತೆ ಗೆದ್ದರು, ದೇಶದ ಲೆಕ್ಕದಲ್ಲಿ ಕೆಳಮನೆಗೂ ಡೆಮಾಕ್ರಟರಿಗೇ ಸುಮಾರು 14 ಲಕ್ಷ ಮತ ಹೆಚ್ಚು ಬಿತ್ತು. ಸೀಟು? ರಿಪಬ್ಲಿಕನ್ 234, ಡೆಮಾಕ್ರಟಿಕ್ 201. ಪೆನ್ಸಿಲ್ವೇನಿಯಾ ಒಂದರಲ್ಲೇ ಹೆಚ್ಚು ಮತ ಡೆಮಾಕ್ರಟರಿಗೆ ಬಿದ್ದು, 18 ಸೀಟಿನಲ್ಲಿ ಅವರಿಗೆ ಸಿಕ್ಕಿದ್ದು 5. ಡೆಮಾಕ್ರಟರಿಗೆ ಮತ ಹಾಕೋರು ನಗರಗಳಲ್ಲಿ ಒತ್ತೊತ್ತಾಗಿ ಇರೋದೂ ಇದಕ್ಕೆ ಒಂದು ಕಾರಣ ಹೌದು, ಎಲ್ಲಾ ಪಾಪವನ್ನ ನಕ್ಷೆಯ ತಲೆಗೇ ಕಟ್ಟೋದು ಸರಿಯಲ್ಲ. ಆದ್ರೆ ಪೆನ್ಸಿಲ್ವೇನಿಯಾದ ನಕ್ಷೆಯನ್ನ ಆ ರಾಜ್ಯದ ಸುಪ್ರೀಂ ಕೋರ್ಟೇ 2018ರಲ್ಲಿ ರದ್ದು ಮಾಡ್ತು ಅನ್ನೋದನ್ನೂ ಹೇಳಬೇಕು. ಮಾರನೇ ವರ್ಷ ದೇಶದ ಸುಪ್ರೀಂ ಕೋರ್ಟ್ 5-4ರಲ್ಲಿ, ಪಕ್ಷದ ಲಾಭಕ್ಕೆ ಗಡಿ ಬರೆದಿದ್ದನ್ನ ಫೆಡರಲ್ ಕೋರ್ಟುಗಳು ಪ್ರಶ್ನೆ ಮಾಡೋ ಹಾಗಿಲ್ಲ ಅಂತ ಹೇಳಿ ಕೈ ತೊಳೆದುಕೊಳ್ತು.

ಇದು ಒಂದೇ ಪಕ್ಷದ ರೋಗ ಅಲ್ಲ. ಇಲಿನಾಯ್, ಮೇರಿಲೆಂಡ್‌ಗಳಲ್ಲಿ ಡೆಮಾಕ್ರಟರು ಬರೆದ ನಕ್ಷೆಗಳೂ ಚೆಲ್ಲಿದ ಶಾಯಿಯ ಥರಾನೇ ಇವೆ. 2025ರಲ್ಲಂತೂ ಜನಗಣತಿಗೆ ಕಾಯೋ ಮರ್ಯಾದೆಯೂ ಹೋಯ್ತು. 2026ರ ಮಧ್ಯಾವಧಿಯನ್ನ ಕಣ್ಣ ಮುಂದಿಟ್ಟುಕೊಂಡು ಆಗಸ್ಟಿನಲ್ಲಿ ಟೆಕ್ಸಾಸಿನ ರಿಪಬ್ಲಿಕನ್ನರು ಐದು ಸೀಟು ಹೆಚ್ಚಿಸಿಕೊಳ್ಳೋ ನಕ್ಷೆ ಪಾಸು ಮಾಡಿದರು. ಅದಕ್ಕೆ ಉತ್ತರ ಅಂತ ಕ್ಯಾಲಿಫೋರ್ನಿಯಾದ ಡೆಮಾಕ್ರಟರು ತಮ್ಮ ಸ್ವತಂತ್ರ ಆಯೋಗ ಬರೆದ ನಕ್ಷೆಯನ್ನೇ ಪಕ್ಕಕ್ಕಿಟ್ಟು, ನವೆಂಬರಿನಲ್ಲಿ ಜನಮತ ಪಡೆದು, ತಮಗೆ ಬೇಕಾದ್ದನ್ನ ತಂದರು. ಮತದಾರರು ಪ್ರತಿನಿಧಿಯನ್ನ ಆರಿಸಬೇಕಿತ್ತು, ಪ್ರತಿನಿಧಿಗಳೇ ಮತದಾರರನ್ನ ಆರಿಸಿಕೊಳ್ಳೋ ಹಾಗಾಯ್ತು.

"ಅಲ್ಲಯ್ಯಾ, ಅವರ ಊರಿನ ಗಡಿ ಅವರು ಬರ್ಕೊಳ್ಳಲಿ, ನಮಗೇನು?" ಅಂತೀರಾ? ನಮ್ಮಲ್ಲಿ ಎಷ್ಟೋ ಜನರ ಬದುಕಿಗೆ ಈ ನಕ್ಷೆ ನೇರವಾಗಿ ತಾಗುತ್ತೆ. ಹೇಗೆ ಅಂತ ಕೇಳಿ.

ಕೆಲಸದ ಮೇಲೆ ಕೊಡೋ ಗ್ರೀನ್ ಕಾರ್ಡಿಗೆ 1990ರ ಕಾಯ್ದೆ ಹಾಕಿದ ಮಿತಿ ವರ್ಷಕ್ಕೆ ಸುಮಾರು 1,40,000. ಅದರಲ್ಲಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ನೂರಕ್ಕೆ 7 ಮೀರುವಂತಿಲ್ಲ. ಐಸ್‌ಲ್ಯಾಂಡಿಗೂ ಅದೇ ಮಿತಿ, ಭಾರತಕ್ಕೂ ಅದೇ. ಎಚ್-1ಬಿ ಮೇಲೆ ಹೋದ ನಮ್ಮ ಹುಡುಗರ ಸಾಲು ಹತ್ತು ವರ್ಷ ದಾಟಿ ಬೆಳೆದಿದ್ದು ಈ ಕಾರಣಕ್ಕೆ. 2013ರ ಜೂನ್ 27ರಂದು ಸೆನೆಟ್ ಒಂದು ದೊಡ್ಡ ವಲಸೆ ಮಸೂದೆ ಪಾಸು ಮಾಡ್ತು. ಪರವಾಗಿ 68, ವಿರುದ್ಧ 32, ರಿಪಬ್ಲಿಕನ್ನರಲ್ಲೇ 14 ಜನ ಪರವಾಗಿದ್ದರು. ನಮ್ಮ ಐಟಿ ಕಂಪನಿಗಳಿಗೆ ಹಿಡಿಸದ ಬಿಗಿ ನಿಯಮಗಳು ಅದರಲ್ಲಿದ್ದವು ನಿಜ, ಆದ್ರೆ ಕೆಲಸದ ಗ್ರೀನ್ ಕಾರ್ಡಿಗೆ ಇದ್ದ ಆ ದೇಶವಾರು ಮಿತಿಯನ್ನ ಅದು ತೆಗೆದುಹಾಕ್ತಿತ್ತು. ಕೆಳಮನೆಯಲ್ಲಿ ಏನಾಯ್ತು? ಏನೂ ಆಗಲಿಲ್ಲ. ಸ್ಪೀಕರ್ ಜಾನ್ ಬೇನರ್ ಅದನ್ನ ಮತಕ್ಕೇ ಹಾಕಲಿಲ್ಲ. ಸೋಲಿಸಿದ್ದಲ್ಲ, ಸದನಕ್ಕೆ ತರಲೇ ಇಲ್ಲ.

ಈಗ ಕೊಂಡಿ ಜೋಡಿಸಿ ನೋಡಿ. 2010ರಲ್ಲಿ ನೂರಕ್ಕೆ 41 ಜನ ಮತ ಹಾಕಿದ ಒಂದು ಚುನಾವಣೆ. ಅದರಲ್ಲಿ ಗೆದ್ದವರು ಬರೆದ ನಕ್ಷೆ. ಆ ನಕ್ಷೆಯ ಬಲವೂ ಸೇರಿ ಕಡಿಮೆ ಮತಕ್ಕೆ ಉಳಿದ ಬಹುಮತ. ಆ ಬಹುಮತದ ಡ್ರಾಯರಿನಲ್ಲಿ ಕೊಳೆತ ಮಸೂದೆ. ಆ ಮಸೂದೆ ಕಾಯ್ತಾ ಕೂತ, ಊರಲ್ಲಿ ಅಪ್ಪನಿಗೆ ಹುಷಾರಿಲ್ಲ ಅಂದ್ರೂ ವೀಸಾ ಸ್ಟ್ಯಾಂಪಿಂಗಿಗೆ ಹೆದರಿ ವಿಮಾನ ಹತ್ತೋಕೆ ಯೋಚಿಸೋ ನಮ್ಮ ಹಾಸನದವರು, ಶಿವಮೊಗ್ಗದವರು, ಧಾರವಾಡದವರು. ಮತ್ತೆ 2019ರ ಜುಲೈನಲ್ಲಿ ದೇಶವಾರು ಮಿತಿ ತೆಗೆಯೋ ಬೇರೊಂದು ಮಸೂದೆ ಕೆಳಮನೆಯಲ್ಲಿ 365-65ರಲ್ಲಿ ಪಾಸಾಯ್ತು. ಸೆನೆಟ್ ಅದರ ತನ್ನದೇ ರೂಪವನ್ನ ಒಪ್ಪಿದ್ದು 2020ರ ಡಿಸೆಂಬರಿನಲ್ಲಿ. ಎರಡೂ ಸದನದ ಪಠ್ಯ ಒಂದಾಗೋ ಮುಂಚೆ ಎರಡು ವರ್ಷದ ಅವಧಿ ಮುಗಿದು ಎಲ್ಲಾ ಸತ್ತುಹೋಯ್ತು. ಎರಡು ವರ್ಷದ ಗಡಿಯಾರ ಯಾರಿಗೂ ಕಾಯಲ್ಲ.

ಹಾಗಾದ್ರೆ ಮಧ್ಯಾವಧಿ ಚುನಾವಣೆಯೇ ಬೇಡ್ವಾ? ಹಾಗಂತ ನಾನು ಹೇಳಲ್ಲ. ಒಬ್ಬ ವ್ಯಕ್ತಿಯ ಕೈಗೆ ನಾಲ್ಕು ವರ್ಷ ಅಷ್ಟೊಂದು ಅಧಿಕಾರ ಕೊಟ್ಟು ಮಧ್ಯದಲ್ಲಿ ಕೇಳೋರೇ ಇಲ್ಲ ಅಂದ್ರೆ ಅದು ಇನ್ನೂ ಅಪಾಯ. ಬ್ರೇಕ್ ಇಲ್ಲದ ಬಸ್ಸಿಗಿಂತ ಬ್ರೇಕ್ ಇರೋ ಬಸ್ಸೇ ವಾಸಿ. ಎರಡು ಪಕ್ಷ ಅಧಿಕಾರ ಹಂಚಿಕೊಂಡಾಗ ಕೆಲಸವೇ ಆಗಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ಕಚೇರಿಗಳಿಗೆ ಬೀಗ ಬಿದ್ದ ಅದೇ 1996ರ ಆಗಸ್ಟಿನಲ್ಲಿ ಕ್ಲಿಂಟನ್ ಮತ್ತು ಗಿಂಗ್ರಿಚ್ ಕಾಂಗ್ರೆಸ್ ಸೇರಿ ಬಡವರ ಕಲ್ಯಾಣ ಯೋಜನೆಗಳ ಕಾಯ್ದೆಯನ್ನೇ ಬದಲಾಯಿಸಿದರು. ಅದು ಒಳ್ಳೇದಾಯ್ತೋ ಕೆಟ್ಟದ್ದಾಯ್ತೋ ಅನ್ನೋ ಜಗಳ ಬೇರೆ, ಕೆಲಸ ಅಂತೂ ಆಯ್ತು.

ನನ್ನ ತಕರಾರು ಬ್ರೇಕಿನ ಮೇಲಲ್ಲ. ಬ್ರೇಕ್ ಒತ್ತೋ ಕಾಲು ಯಾರದ್ದು ಅನ್ನೋದರ ಮೇಲೆ. ಅರ್ಧಕ್ಕಿಂತ ಕಮ್ಮಿ ಪ್ರಯಾಣಿಕರು ಸೇರಿ, ಅದೂ ತಮಗೆ ಬೇಕಾದ ಹಾಗೆ ಸೀಟು ಜೋಡಿಸಿಕೊಂಡು, ಇಡೀ ಬಸ್ಸು ನಿಲ್ಲಿಸೋದು "ಜನಾದೇಶ" ಹೇಗಾಗುತ್ತೆ? ಮತದಾನದ ದಿನ ರಜೆ ಕೊಡಲಿ, ಗಡಿ ಬರೆಯೋ ಪೆನ್ಸಿಲನ್ನ ಪಕ್ಷಗಳ ಕೈಯಿಂದ ಕಿತ್ತು ಆಯೋಗಗಳಿಗೆ ಕೊಡಲಿ. ಆಮೇಲೆ ಯಾವ ಪಕ್ಷ ಬೇಕಾದ್ರೂ ಗೆಲ್ಲಲಿ, ಆಗ ಅದನ್ನ ಜನರ ಮಾತು ಅಂತ ಒಪ್ಪಬಹುದು. ಇಬ್ಬರೂ ಒಟ್ಟಿಗೇ ಪೆನ್ಸಿಲ್ ಕೆಳಗಿಡದ ಹೊರತು ಒಬ್ಬರು ಇಡಲ್ಲ ಅನ್ನೋದಕ್ಕೆ ಕ್ಯಾಲಿಫೋರ್ನಿಯಾವೇ ಸಾಕ್ಷಿ, ಹಾಗಾಗಿ ಇದು ರಾಜ್ಯ ರಾಜ್ಯದಲ್ಲಿ ಆಗೋ ಕೆಲಸ ಅಲ್ಲ, ಇಡೀ ದೇಶಕ್ಕೆ ಒಂದೇ ಕಾಯ್ದೆ ಬೇಕು. ಆ ಕಾಯ್ದೆ ಮಾಡಬೇಕಾದವರು ಇದೇ ನಕ್ಷೆಗಳಿಂದ ಗೆದ್ದು ಬಂದವರು ಅನ್ನೋದೇ ದುರಂತ.

ಹಾಗಾಗಿ ಈ ಮಧ್ಯಾವಧಿ ಫಲಿತಾಂಶಗಳನ್ನ ಓದುವಾಗ "ಮುಖಭಂಗ" ಅನ್ನೋ ತಲೆಬರಹ ದಾಟಿ ಸ್ವಲ್ಪ ಕೆಳಗೆ ಬನ್ನಿ. ಯಾವ ಸಮಿತಿಗೆ ಯಾರು ಅಧ್ಯಕ್ಷರಾದರು, ಸೆನೆಟ್ ಯಾರ ಕೈಲಿದೆ, ಎಷ್ಟು ಜನ ಮತ ಹಾಕಿದರು, ಯಾವ ರಾಜ್ಯದ ಶಾಸನಸಭೆ ತಿರುಗಿತು - ಈ ನಾಲ್ಕು ಗೊತ್ತಾದ್ರೆ ಅಧಿಕಾರ ಎಲ್ಲಿಗೆ ಹೋಯ್ತು ಅಂತ ಗೊತ್ತಾಗುತ್ತೆ. ಅಧ್ಯಕ್ಷರ ಮುಖ ಹೇಗಿತ್ತು ಅನ್ನೋದರಿಂದ ಅಲ್ಲ.

ಅಂದ ಹಾಗೆ, ಆ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿರೋರು ಯಾರಾದ್ರೂ ಇದನ್ನ ಓದ್ತಿದ್ರೆ ಹೇಳಿ. ಅಲ್ಲಿದ್ದು ನೋಡಿದವರಿಗೆ ಇದು ಹೇಗೆ ಕಾಣುತ್ತೆ? ಮತ ಹಾಕೋ ಹಕ್ಕಿಲ್ಲದೆ, ಎರಡು ವರ್ಷಕ್ಕೊಮ್ಮೆ ಬೇರೆಯವರ ಮತಕ್ಕೆ ಕಾಯೋದು ಹೇಗಿರುತ್ತೆ ಅನ್ನೋದನ್ನ ನಿಮ್ಮಷ್ಟು ಚೆನ್ನಾಗಿ ಯಾವ ಪಂಡಿತರೂ ಹೇಳಲಾರರು.